ಗ್ಯಾಸ್ಕೆಟ್ ಬದಲಿಸಿದರೂ ನಿಲ್ಲದ ಹೊಗೆ ಲೀಕು: ಹಳೆ ಡೀಸೆಲ್ ಪಿಕಪ್ ಒಂದರ ಪ್ರಕರಣ

ಗಾಡಿ 2011ರ ಮಾಡೆಲ್. 2.5 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ (ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಪಂಪು) ಇರುವ ಡೀಸೆಲ್ ಎಂಜಿನ್. ಬಿಎಸ್-3 ಹೊಗೆ ನಿಯಮದ ಕಾಲದ್ದು. ಹೊಗೆ ಸೋಸುವ ಡಿಪಿಎಫ್ ಇಲ್ಲ, ಯೂರಿಯಾ ಟ್ಯಾಂಕ್ ಇಲ್ಲ, ಎಕ್ಸಾಸ್ಟ್ ಪೈಪಿನ ತುಂಬ ಸೆನ್ಸರ್‌ಗಳೂ ಇಲ್ಲ. ಮನೆ ಅಂಗಳದಲ್ಲೇ ಧೈರ್ಯವಾಗಿ ಪಾನಾ ಹಾಕಬಹುದಾದ ಗಾಡಿ.

ಮಾಲೀಕರು ಹಾಸನ ಜಿಲ್ಲೆಯ ಮಲೆನಾಡು ಭಾಗದವರು. ಶುಂಠಿ, ಹಸಿಮೆಣಸಿನಕಾಯಿ, ಸೀಸನ್‌ನಲ್ಲಿ ಕಾಫಿ ಮೂಟೆ ಸಾಗಿಸುತ್ತಾರೆ. ಶಿರಾಡಿ ಘಾಟಿ ಇಳಿದು ಹತ್ತುವ ಕೆಲಸ ಇದ್ದೇ ಇರುತ್ತದೆ. ಗುರುತು ಸಿಗಬಾರದೆಂದು ಊರಿನ ಹೆಸರು ಹೇಳುತ್ತಿಲ್ಲ, ಒಂದೆರಡು ವಿವರ ಬದಲಿಸಿದ್ದೇನೆ. ಗಾಡಿ ಕಂಪನಿಯ ಹೆಸರೂ ಬೇಡ. ಇಷ್ಟು ವರ್ಷ ಭಾರ ಹೊತ್ತ ಯಾವ ಪಿಕಪ್‌ಗೂ ಈ ತೊಂದರೆ ಬರಬಹುದು.

ಕೆಲಸಕ್ಕೆ ಇಳಿದವರು ಮೂವರು. ಮಾಲೀಕರು, ಅವರ ಅಕ್ಕನ ಮಗ, ಮತ್ತು ನಾನು. ಹುಡುಗ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವನು. ನಾನು ಹಿಂದೆ ವರ್ಕ್‌ಶಾಪ್‌ನಲ್ಲಿ ಇದ್ದವನು, ಈಗ ಪರಿಚಯದವರು ಕರೆದರೆ ಹೋಗುತ್ತೇನೆ. ಪೇಟೆಯ ಒಂದು ಗ್ಯಾರೇಜಿನಲ್ಲಿ ಎಂಜಿನ್ನಿನ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಬೇಕು, ಗಾಡಿ ಬಿಟ್ಟು ಹೋಗಿ ಅಂದಿದ್ದರಂತೆ. ಶುಂಠಿ ಕೀಳುವ ಹೊತ್ತಿನಲ್ಲಿ ಗಾಡಿ ವಾರಗಟ್ಟಲೆ ನಿಂತರೆ ಆಗುವುದಿಲ್ಲ. ಮನೆಯಲ್ಲೇ ಮಾಡೋಣ ಅನ್ನುವ ಮಾತು ಬಂದದ್ದು ಅಲ್ಲಿಂದ.

ದೂರುಗಳು

ಮೊದಲನೆಯದು ಸದ್ದು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟೈಲರಿಂಗ್ ಮೆಷಿನ್ ಓಡಿದ ಹಾಗೆ ಟಿಕ್ ಟಿಕ್ ಟಿಕ್. ಹತ್ತು ನಿಮಿಷ ಓಡಿಸಿದ ಮೇಲೆ ಬಹುಮಟ್ಟಿಗೆ ನಿಂತುಬಿಡುತ್ತಿತ್ತು. ಇದನ್ನು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದು ಅಂದುಕೊಂಡು ಯಾರೋ ಒಮ್ಮೆ ಟ್ಯಾಪೆಟ್ ಸೆಟ್ಟಿಂಗ್ ಕೂಡ ಮಾಡಿ ಕೊಟ್ಟಿದ್ದರು. ಏನೂ ಬದಲಾಗಿರಲಿಲ್ಲ.

ಎರಡನೆಯದು ಘಾಟಿಯಲ್ಲಿ ದಮ್ಮು ಸಾಲದು. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವುಗಳಲ್ಲಿ ಎರಡನೆಯದಕ್ಕೆ ಇಳಿಸಬೇಕಾಗಿತ್ತು. ಜೊತೆಗೆ ಕಪ್ಪು ಹೊಗೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ದಿನ ಹತ್ತಿರ ಬರುತ್ತಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಲೇಬೇಕಲ್ವಾ. ಬಿಎಸ್-3 ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಯೂನಿಟ್. ಆ ಹೊಗೆ ನೋಡಿದರೆ ದಾಟುವುದು ಅನುಮಾನವಿತ್ತು.

ಮೂರನೆಯದನ್ನು ಮಾಲೀಕರು ದೂರು ಅಂತಲೇ ಎಣಿಸಿರಲಿಲ್ಲ. ಹೇಳಿದ್ದು ಅವರ ಹೆಂಡತಿ. ‘ಮಳೆಗಾಲದಲ್ಲಿ ಗ್ಲಾಸು ಏರಿಸಿಕೊಂಡು ಹೋದ್ರೆ ನನಗೆ ತಲೆನೋವು ಗ್ಯಾರಂಟಿ. ಇವರಿಗೆ ಅಭ್ಯಾಸ ಆಗಿದೆ, ವಾಸನೆನೇ ಗೊತ್ತಾಗಲ್ಲ.’

ನನ್ನ ಮಟ್ಟಿಗೆ ಪಟ್ಟಿ ಅಲ್ಲೇ ತಲೆಕೆಳಗಾಯಿತು. ಪವರ್ ಕಡಿಮೆಯಾದರೆ ಗಾಡಿ ನಿಧಾನ ಹೋಗುತ್ತದೆ, ಅಷ್ಟೇ. ಕ್ಯಾಬಿನ್ ಒಳಗೆ ಹೊಗೆ ಬಂದರೆ ಆರೋಗ್ಯದ ಮಾತು. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪೆಟ್ರೋಲ್ ಗಾಡಿಗಿಂತ ಕಡಿಮೆ ನಿಜ. ಆದರೆ ಇಲ್ಲ ಅಂತಲ್ಲ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜೊತೆಗೆ ಸಣ್ಣ ಮಸಿ ಕಣ, ನೈಟ್ರೋಜನ್ ಆಕ್ಸೈಡು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಾಗಾಗಿ ರಿಪೇರಿ ಆಗುವವರೆಗೆ ಗ್ಲಾಸು ಇಳಿಸಿಯೇ ಓಡಿಸಬೇಕು, ಮಳೆ ಬಂದರೆ ಒದ್ದೆಯಾಗಲಿ ಅಂತ ಮೊದಲೇ ಹೇಳಿದೆ.

ಅದಕ್ಕೂ ಮುಂಚೆ ಆಗಿದ್ದು

ಗಾಡಿಯ ಹಳೆ ಚರಿತ್ರೆ ಕೇಳುತ್ತಾ ಹೋದಾಗ ಸಿಕ್ಕಿದ್ದು ಹೀಗೆ. ಸುಮಾರು ಎರಡು ವರ್ಷದ ಹಿಂದೆ ಟರ್ಬೊ ಕೆಳಗಿನ ಪೈಪಿನಲ್ಲಿರುವ ಬೆಲ್ಲೋಸ್, ಅಂದರೆ ಬಾಗುವ ಜಾಲರಿ ಪೈಪು, ಹರಿದಿತ್ತು. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ನೀರಿನ ಜಿಐ ಪೈಪಿನ ತುಂಡು ಬೆಸುಗೆ ಹಾಕಿ ಕೊಟ್ಟಿದ್ದರು. ಸದ್ದು ನಿಂತಿತ್ತು, ಖರ್ಚು ಕಡಿಮೆ, ಎಲ್ಲರಿಗೂ ಖುಷಿ.

ಕೆಲವು ತಿಂಗಳಾದ ಮೇಲೆ ಟಿಕ್ ಟಿಕ್ ಶುರು. ಎಂಜಿನ್ನಿನ ಹೊಗೆ ಒಟ್ಟುಗೂಡಿಸಿ ಟರ್ಬೊಗೆ ಕೊಡುವ ಬೀಡಿನ (ಎರಕದ ಕಬ್ಬಿಣದ) ಭಾಗ ಮ್ಯಾನಿಫೋಲ್ಡ್. ಅದರ ಗ್ಯಾಸ್ಕೆಟ್, ಅಂದರೆ ಜೋಡಣೆಯ ನಡುವಿನ ಪ್ಯಾಕಿಂಗ್, ಹೋಗಿದೆ ಅಂತ ಬದಲಿಸಿದರು. ನಿಂತಿತು. ಮತ್ತೆ ಬಂತು. ಮತ್ತೆ ಗ್ಯಾಸ್ಕೆಟ್. ಮೂರನೇ ಸಲ ಮಾಲೀಕರೇ ಉದ್ದ ಪೈಪು ಸಿಕ್ಕಿಸಿದ ಪಾನಾ ಹಿಡಿದು ನಟ್ಟುಗಳನ್ನು ಬಿಗಿ ಮಾಡಲು ಹೋದರು. ನಾಲ್ಕನೇ ಸಿಲಿಂಡರ್ ಹತ್ತಿರದ ಒಂದು ಸ್ಟಡ್, ಅಂದರೆ ಹೆಡ್ಡಿಗೆ ತಿರುಗಿಸಿ ಕೂರಿಸಿದ ತಲೆಯಿಲ್ಲದ ಬೋಲ್ಟು, ಪಟ್ ಅಂತ ತುಂಡಾಯಿತು. ಆಮೇಲೆ ಅಂಗಡಿಯಲ್ಲಿ ಸಿಗುವ ಕೆಂಪು ಸಿಲಿಕಾನ್ ಪೇಸ್ಟ್ ಬಳಿದರು. ಅದರ ಮೇಲೆ ಎಂ-ಸೀಲ್ ಕೂಡ.

ಈ ಪೇಸ್ಟುಗಳ ಬಗ್ಗೆ ಒಂದು ಮಾತು. ಕೆಂಪು ಸಿಲಿಕಾನ್ ತಡೆಯುವುದು ಹೆಚ್ಚೆಂದರೆ 300 ಡಿಗ್ರಿ ಚಿಲ್ಲರೆ. ಭಾರ ಹೊತ್ತು ಘಾಟಿ ಹತ್ತುವಾಗ ಟರ್ಬೊಗೆ ಹೋಗುವ ಹೊಗೆಯ ಶಾಖ 600 ಡಿಗ್ರಿ ದಾಟುತ್ತದೆ. ಎಂ-ಸೀಲ್ ಕಥೆ ಹೇಳುವುದೇ ಬೇಡ, ಸುಟ್ಟು ಬೂದಿ. ಮ್ಯಾನಿಫೋಲ್ಡ್ ಮೇಲೆ ಇವು ಕೆಲಸ ಮಾಡುವುದಿಲ್ಲ. ಅಷ್ಟೇ ಅಲ್ಲ, ಮುಂದೆ ಕೆಲಸ ಮಾಡುವವನಿಗೆ ಕೆರೆಯುವ ಶಿಕ್ಷೆ ಬೇರೆ.

ಬಿಚ್ಚುವ ಮುಂಚೆ ಹುಡುಕಿದ್ದು

ಹುಡುಗನ ಅಭಿಪ್ರಾಯ ಸರಳವಾಗಿತ್ತು. ‘ಮಾವ, ಸ್ಟಡ್ ತುಂಡಾಗಿದೆ, ಅಲ್ಲೇ ಲೀಕು. ಸ್ಟಡ್ ತೆಗೆದು ಹೊಸ ಗ್ಯಾಸ್ಕೆಟ್ ಹಾಕಿದ್ರೆ ಮುಗೀತು.’ ಮಾಲೀಕರದ್ದು ಇನ್ನೊಂದು ತುದಿ: ಮ್ಯಾನಿಫೋಲ್ಡಿನಿಂದ ಸೈಲೆನ್ಸರ್ ತನಕ ಎಲ್ಲ ಹೊಸದು ಹಾಕಿಬಿಡೋಣ. ನಾನು ಎರಡಕ್ಕೂ ಒಪ್ಪಲಿಲ್ಲ. ಲೀಕು ಎಷ್ಟು ಕಡೆ ಇದೆ ಅಂತ ಗೊತ್ತಾಗುವ ತನಕ ಒಂದು ನಟ್ಟೂ ಬಿಚ್ಚಬಾರದು ಅಂದೆ. ಬಿಚ್ಚಿದ ಮೇಲೆ ಯಾವುದು ಹಳೆ ಲೀಕು, ಯಾವುದು ನಾವೇ ಮಾಡಿದ್ದು ಅಂತ ತಿಳಿಯುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಪರೀಕ್ಷೆ ಮಾಡಿದೆವು. ಧೂಳು ಹೊಡೆಯುವ ಕರೆಂಟಿನ ಬ್ಲೋಯರ್ ಅವರ ಮನೆಯಲ್ಲೇ ಇತ್ತು. ಅದರ ಮೂತಿಯನ್ನು ಸೈಲೆನ್ಸರ್ ಬಾಲದ ಪೈಪಿಗೆ ಇಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿ ಗಾಳಿ ಬಿಟ್ಟೆವು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಮುಂದಿನಿಂದ ಹಿಂದಿನವರೆಗೆ ಪ್ರತಿ ಜೋಡಣೆಗೂ ಹೊಡೆದೆವು. ಎಲ್ಲಿ ಲೀಕಿದೆಯೋ ಅಲ್ಲಿ ನೊರೆ ಏಳುತ್ತದೆ. ಎಂಜಿನ್ ಓಡುತ್ತಿಲ್ಲ, ಬಿಸಿ ಇಲ್ಲ, ಫ್ಯಾನ್ ಬೆಲ್ಟಿನ ಭಯವಿಲ್ಲ. ಓಡುವ ಎಂಜಿನ್ ಮೇಲೆ ಕೈ ಆಡಿಸಿ ಲೀಕು ಹುಡುಕುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ನೊರೆ ಎದ್ದದ್ದು ನಾಲ್ಕು ಕಡೆ. ನಾಲ್ಕನೇ ಸಿಲಿಂಡರಿನ ಪೋರ್ಟ್ (ಹೊಗೆ ಹೊರಬರುವ ಬಾಯಿ) ಹತ್ತಿರ, ಜೋರಾಗಿ. ಸ್ವಲ್ಪ ಹೊಗೆಯನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ಪೈಪು ಮ್ಯಾನಿಫೋಲ್ಡಿಗೆ ಸೇರುವ ಬುಡದಲ್ಲಿ, ಬಹಳ ಸಣ್ಣಗೆ. ಜಿಐ ಪೈಪಿನ ಮೇಲಿನ ಬೆಸುಗೆಯಲ್ಲಿ ಅರ್ಧ ಸುತ್ತು ಬಿರುಕು. ಕೊನೆಗೆ ಸೈಲೆನ್ಸರ್ ಡಬ್ಬಿಯ ಅಂಚಿನಲ್ಲಿ ತುಕ್ಕಿನ ತೂತು.

ಯಾವ ಲೀಕು ಯಾವ ದೂರಿಗೆ ಕಾರಣ ಅನ್ನುವುದು ಮುಖ್ಯ. ಟರ್ಬೊ ತಿರುಗುವುದೇ ಎಂಜಿನ್ ಬಿಡುವ ಬಿಸಿ ಗಾಳಿಯ ಬಲದಿಂದ. ಟರ್ಬೊಗೆ ಮುಂಚೆ ಆ ಗಾಳಿ ಸೋರಿದರೆ ಟರ್ಬೊ ನಿಧಾನವಾಗುತ್ತದೆ, ಸಿಲಿಂಡರಿಗೆ ಗಾಳಿ ಸಾಲುವುದಿಲ್ಲ. ಡೀಸೆಲ್ ಮಾತ್ರ ಮೊದಲಿನಷ್ಟೇ ಬೀಳುತ್ತದೆ, ಉರಿಯದ ಪಾಲು ಕಪ್ಪು ಹೊಗೆಯಾಗುತ್ತದೆ. ಘಾಟಿಯ ದೂರಿಗೆ ಮ್ಯಾನಿಫೋಲ್ಡ್ ಲೀಕು ಕಾರಣ. ಟರ್ಬೊ ಆದ ಮೇಲಿನ ಲೀಕಿನಿಂದ ಪವರ್ ಹೆಚ್ಚೇನೂ ಹೋಗುವುದಿಲ್ಲ, ಆದರೆ ಆ ಜಿಐ ಪೈಪು ಇರುವುದು ಗೇರ್ ಬಾಕ್ಸ್ ಪಕ್ಕ, ಸರಿಯಾಗಿ ಕ್ಯಾಬಿನ್ ನೆಲದ ಕೆಳಗೆ. ಗೇರ್ ಲಿವರಿನ ರಬ್ಬರ್ ಎತ್ತಿ ನೋಡಿದರೆ ಹರಿದು ಮೂರು ಬೆರಳು ತೂರುವಷ್ಟು ಸಂದು, ಒಳಗಡೆಯೆಲ್ಲ ಮಸಿ. ತಲೆನೋವಿನ ದಾರಿ ಅದು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಎಷ್ಟು ಸಲ ಬದಲಿಸಿದ್ದರೂ ಆ ವಾಸನೆ ಹೋಗುತ್ತಿರಲಿಲ್ಲ.

ಟಿಕ್ ಸದ್ದು ಬಿಸಿಯಾದ ಮೇಲೆ ನಿಲ್ಲುವುದಕ್ಕೂ ಕಾರಣ ಇದೆ. ಬೀಡಿನ ಮ್ಯಾನಿಫೋಲ್ಡ್ ಕಾದಾಗ ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ್ದು 500 ಡಿಗ್ರಿ ಕಾದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಹಿಗ್ಗಿದಾಗ ಸಂದು ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ, ಆರಿದಾಗ ಮತ್ತೆ ತೆರೆಯುತ್ತದೆ. ತುದಿಯ ಸ್ಟಡ್‌ಗಳೇ ಮೊದಲು ತುಂಡಾಗುವುದು ಯಾಕೆ ಅನ್ನುವುದೂ ಇದರಲ್ಲೇ ಇದೆ, ಜಾಸ್ತಿ ಎಳೆದಾಟ ಆಗುವುದು ತುದಿಗಳಲ್ಲೇ. ಟ್ಯಾಪೆಟ್ ಸದ್ದಾದರೆ ಬಿಸಿಯಾದ ಮೇಲೆ ಹೀಗೆ ಪೂರ್ತಿ ಮಾಯವಾಗುವುದು ಅಪರೂಪ, ಮತ್ತು ಪೋರ್ಟಿನ ಸುತ್ತ ಮಸಿಯ ಗೆರೆ ಇರುವುದಿಲ್ಲ.

ಪೈಪು ಪಕ್ಕಕ್ಕೆ ಹಾರಿದ್ದು

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಎರಡೂ ಬದಿ ಕಟ್ಟೆ ಕೊಟ್ಟು, ಮುಂದೆ ಎತ್ತಿ ಆಕ್ಸಲ್ ಸ್ಟ್ಯಾಂಡ್ ಕೊಟ್ಟೆವು. ಸ್ಟ್ಯಾಂಡು ಬಾಡಿಗೆಗೆ ತಂದದ್ದು. ಮನೆ ಕಟ್ಟುವ ಹಾಲೊ ಬ್ಲಾಕ್ ಇದೆಯಲ್ಲ ಅಂದರು ಮಾಲೀಕರು. ಆ ಬ್ಲಾಕು ಸೂಚನೆ ಕೊಡದೆ ಪುಡಿಯಾಗುತ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೂ ಯಾರೂ ನುಸುಳಬಾರದು. ಬ್ಯಾಟರಿಯ ಮೈನಸ್ ವೈರು ತೆಗೆದಿಟ್ಟೆವು.

ಕೆಲವು ದಿನ ಮುಂಚಿನಿಂದಲೇ ಸಂಜೆ ಗಾಡಿ ನಿಲ್ಲಿಸಿ ಆರಿದ ಮೇಲೆ ಪ್ರತಿ ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆಯಲು ಹೇಳಿದ್ದೆ. ಬೆಳಿಗ್ಗೆ ಗಾಡಿ ಓಡುತ್ತದೆ, ಕಾಯುತ್ತದೆ, ಸಂಜೆ ಆರುತ್ತದೆ. ಆ ಹಿಗ್ಗು ಕುಗ್ಗಿನಲ್ಲಿ ಎಣ್ಣೆ ಥ್ರೆಡ್ ಒಳಗೆ ಇಳಿಯುತ್ತದೆ. ಅದೇ ದಿನ ಹೊಡೆದು ಅದೇ ದಿನ ಬಿಚ್ಚುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ.

ಮೊದಲು ಟರ್ಬೊ ಕೆಳಗಿನ ಪೈಪಿನ ಫ್ಲ್ಯಾಂಜ್ (ಬೋಲ್ಟ್ ಹಾಕುವ ಅಂಚಿನ ಬಿಲ್ಲೆ) ಬಿಚ್ಚಿದೆವು. ಕೊನೆಯ ನಟ್ಟು ಬಿಡುತ್ತಿದ್ದ ಹಾಗೆ ಪೈಪು ಟಣ್ ಅಂತ ಒಂದು ಬೆರಳಿನಷ್ಟು ಪಕ್ಕಕ್ಕೆ ಹಾರಿತು. ಹುಡುಗ ಬೆಚ್ಚಿ ಹಿಂದೆ ಸರಿದ. ‘ಮಾವ, ಇದು ಎಳ್ಕೊಂಡೇ ಕೂತಿತ್ತು ನೋಡಿ.’

ಇಡೀ ಪ್ರಕರಣದ ತಿರುವು ಅದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಸ್ಟಾರ್ಟ್ ಮಾಡಿದಾಗ, ಕ್ಲಚ್ ಬಿಟ್ಟಾಗ ಅಲ್ಲಾಡುತ್ತದೆ. ಸೈಲೆನ್ಸರ್ ಲೈನು ಚಾಸಿಗೆ ನೇತುಹಾಕಿರುತ್ತದೆ. ಎರಡರ ನಡುವಿನ ಅಲುಗಾಟ ನುಂಗುವುದೇ ಬೆಲ್ಲೋಸ್ ಕೆಲಸ. ಅದನ್ನು ತೆಗೆದು ಗಟ್ಟಿ ಪೈಪು ಹಾಕಿದರೆ ಎಂಜಿನ್ ಅಲುಗಿದಾಗಲೆಲ್ಲ ಆ ಪೈಪು ಟರ್ಬೊವನ್ನು ಜಗ್ಗುತ್ತದೆ. ಟರ್ಬೊ ಮ್ಯಾನಿಫೋಲ್ಡಿಗೆ ನೇತಾಡುತ್ತದೆ, ಮ್ಯಾನಿಫೋಲ್ಡ್ ಸಣ್ಣ 8 ಎಂಎಂ ಸ್ಟಡ್‌ಗಳ ಮೇಲೆ ನಿಂತಿದೆ. ಅಷ್ಟೂ ಭಾರ ಆ ಸ್ಟಡ್‌ಗಳಿಗೆ. ಬದಲಿಸಿದ ಗ್ಯಾಸ್ಕೆಟ್‌ಗಳದ್ದು ತಪ್ಪಿರಲಿಲ್ಲ.

ಹಾಗಾದರೆ ಮೊದಲು ಬೆಲ್ಲೋಸ್ ಹರಿದದ್ದು ಯಾಕೆ? ಹುಡುಗ ಎಂಜಿನ್ ಕೆಳಗೆ ಟಾರ್ಚ್ ಹಿಡಿದು ನೋಡಿದ. ಒಂದು ಬದಿಯ ಎಂಜಿನ್ ಮೌಂಟಿಂಗ್ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡಿತ್ತು. ಸೈಲೆನ್ಸರಿನ ಹ್ಯಾಂಗರ್ ರಬ್ಬರುಗಳಲ್ಲಿ ಒಂದು ಇರಲೇ ಇಲ್ಲ, ಅದರ ಬದಲು ಕಟ್ಟುವ ತಂತಿ. ತೊಂದರೆ ಹೊರಟದ್ದು ಅಲ್ಲಿಂದ. ಅಲ್ಲಿಗೆ ಹೊಸ ಗ್ಯಾಸ್ಕೆಟ್ ಒಂದೇ ಹಾಕುವ ಮಾತು ನಿಂತಿತು, ಎಲ್ಲ ಹೊಸದು ಹಾಕುವ ಮಾತೂ ನಿಂತಿತು.

ತುಂಡಾದ ಸ್ಟಡ್

ಎಣ್ಣೆಯ ಪೈಪು ಬಿಡಿಸಿ, ಬಾಯಿಗಳಿಗೆ ಶುದ್ಧ ಬಟ್ಟೆ ತುರುಕಿ, ಮ್ಯಾನಿಫೋಲ್ಡ್ ಮತ್ತು ಟರ್ಬೊ ಒಟ್ಟಿಗೆ ಇಳಿಸಿದೆವು. ನಟ್ಟುಗಳಲ್ಲಿ ಹೆಚ್ಚಿನವು ಬಂದವು. ಒಂದು ಸ್ಟಡ್ ಮಾತ್ರ ನಟ್ಟಿನ ಜೊತೆ ತಿರುಚಿಕೊಂಡು ತುಂಡಾಯಿತು, ಐದಾರು ಮಿಲಿಮೀಟರ್ ಹೊರಗೆ ಉಳಿಯಿತು. ಇದು ಸುಲಭದ್ದು. ವೆಲ್ಡರ್ ಅಂಗಳಕ್ಕೇ ಮೆಷಿನ್ ತಂದರು. ಹತ್ತಿರದ ಡೀಸೆಲ್ ರಿಟರ್ನ್ ಪೈಪನ್ನು ಬಿಚ್ಚಿ ದೂರ ಸರಿಸಿ, ಅಲ್ಲೆಲ್ಲ ಒದ್ದೆ ಗೋಣಿ ಹೊದಿಸಿದೆವು. ಉಳಿದ ಮೋಟಿನ ಮೇಲೆ ದೊಡ್ಡ ನಟ್ಟು ಇಟ್ಟು ಅದರ ಒಳಗಿನಿಂದ ಬೆಸುಗೆ ತುಂಬಿ, ಸ್ವಲ್ಪ ಆರಿದ ಮೇಲೆ ಹಿಂದೆ ಮುಂದೆ ಆಡಿಸುತ್ತಾ ತಿರುಗಿಸಿದರೆ ಬಂತು. ಬೆಸುಗೆಯ ಶಾಖವೇ ಅರ್ಧ ಕೆಲಸ ಮಾಡುತ್ತದೆ.

ಹಳೆಯದು, ನಾಲ್ಕನೇ ಪೋರ್ಟಿನದು, ಹೆಡ್ಡಿನ ಮುಖಕ್ಕಿಂತ ಒಳಗೆ ತುಂಡಾಗಿತ್ತು. ವೆಲ್ಡರ್ ಎರಡು ಸಲ ನೋಡಿ ತಲೆ ಅಲ್ಲಾಡಿಸಿದರು. ಹುಡುಗ ಡ್ರಿಲ್ ಕೈಗೆತ್ತಿಕೊಂಡ. ನಾನು ತಡೆದೆ. ಗಟ್ಟಿ ಸ್ಟಡ್ ಮೇಲೆ ಕೈಯಳತೆಯಲ್ಲಿ ಡ್ರಿಲ್ ಹಿಡಿದರೆ ಬಿಟ್ ಪಕ್ಕದ ಮೆತ್ತಗಿನ ಬೀಡಿಗೆ ಜಾರುತ್ತದೆ. ತೂತು ವಾಲಿದರೆ ಆಮೇಲೆ ನಿಜವಾಗಿಯೂ ಹೆಡ್ ಇಳಿಸಬೇಕು.

ಅಲ್ಲಿ ಕೆಲಸ ನಿಲ್ಲಿಸಿ ಪೇಟೆಯ ಲೇತ್ ಅಂಗಡಿಗೆ ಹೋದೆವು. ನನ್ನ ಪ್ರಕಾರ ಈ ಪ್ರಕರಣದಲ್ಲಿ ತೆಗೆದುಕೊಂಡ ಒಳ್ಳೆ ತೀರ್ಮಾನ ಇದು. ಮ್ಯಾನಿಫೋಲ್ಡಿನ ಬೋಲ್ಟ್ ತೂತಿಗೆ ಸರಿಯಾಗಿ ಕೂರುವ ಹಾಗೆ ಸಣ್ಣ ಉಕ್ಕಿನ ಬುಷ್ ಮಾಡಿಸಿದೆವು, ನಡುವೆ 5 ಎಂಎಂ ತೂತು. ಟರ್ಬೊ ಬಿಡಿಸಿದ ಖಾಲಿ ಮ್ಯಾನಿಫೋಲ್ಡನ್ನು ಉಳಿದ ಸ್ಟಡ್‌ಗಳ ಮೇಲೆ ಮತ್ತೆ ಕೂರಿಸಿ, ಆ ಬುಷ್ ಒಳಗಿನಿಂದ ಡ್ರಿಲ್ ಬಿಟ್ಟರೆ ಬಿಟ್ ಆಚೆ ಈಚೆ ಹೋಗಲು ಜಾಗವೇ ಇಲ್ಲ. ಮುಂದಿನ ಚಕ್ರ ಮತ್ತು ಒಳಗಿನ ಮಡ್‌ಗಾರ್ಡ್ ತೆಗೆದಾಗ ಡ್ರಿಲ್ ನೇರ ಹಿಡಿಯಲು ದಾರಿ ಸಿಕ್ಕಿತು. ನಿಧಾನ ವೇಗ, ಆಗಾಗ ಎಣ್ಣೆ. 5 ಎಂಎಂ ತೂತು ಆದ ಮೇಲೆ 6.8 ಎಂಎಂ, ಅದು 8 ಎಂಎಂ 1.25 ಥ್ರೆಡ್ಡಿಗೆ ಬೇಕಾದ ತೂತಿನ ಅಳತೆ. ಒಳಗೆ ಉಳಿದ ಹಳೆ ಥ್ರೆಡ್ ಚೂರುಗಳನ್ನು ಚೂಪು ಸೂಜಿಯಲ್ಲಿ ಕೆದಕಿ ತೆಗೆದು ಥ್ರೆಡ್ ಕೊರೆಯುವ ಟ್ಯಾಪ್ ಹಾಕಿದೆವು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಟ್ಯಾಪ್ ಒಳಗೇ ಮುರಿದರೆ ಡ್ರಿಲ್ಲಿಗೂ ಜಗ್ಗುವುದಿಲ್ಲ, ಅಷ್ಟು ಗಡಸು ಅದು. ಹುಡುಗನ ಕೈ ಸ್ಥಿರವಾಗಿತ್ತು, ಅವನೇ ಮಾಡಿದ.

ಹಳೆ ಗ್ಯಾಸ್ಕೆಟ್ ಕೆರೆಯುವಾಗ ಒಂದು ಎಚ್ಚರ. ಹಳೆ ಕಾಲದ ಪ್ಯಾಕಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಪೈಪಿಗೆ ಸುತ್ತುವ ಬಿಳಿ ಹಗ್ಗದಲ್ಲಂತೂ ಇನ್ನೂ ಜಾಸ್ತಿ. ಒಣಗಿದ್ದನ್ನು ವೈರ್ ಬ್ರಷ್ ಹಾಕಿ ಉಜ್ಜಬಾರದು, ಊದಬಾರದು. ನೀರಿನಲ್ಲಿ ನೆನೆಸಿ, ಮಾಸ್ಕ್ ಹಾಕಿ, ಹಸಿಯಾಗಿರುವಾಗಲೇ ಕೆರೆದು ಕವರಿನಲ್ಲಿ ಕಟ್ಟಿದೆವು.

ಮ್ಯಾನಿಫೋಲ್ಡ್ ಸಮ ಇದೆಯಾ ಅಂತ ನೋಡಲು ದಪ್ಪ ಟೇಬಲ್ ಗಾಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟೆವು. ನಾಲ್ಕನೇ ತುದಿಯಲ್ಲಿ 0.4 ಎಂಎಂ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ಒಳಗೆ ಹೋಯಿತು. ಗ್ಯಾಸ್ಕೆಟ್ ಅಷ್ಟು ಸಂದು ತುಂಬುವುದಿಲ್ಲ. ನಟ್ಟು ಬಿಗಿದು ಸಮ ಮಾಡುತ್ತೇನೆ ಅಂದರೆ ಸ್ಟಡ್ ತುಂಡಾಗುತ್ತದೆ, ಮಾಲೀಕರ ಕೈಯಲ್ಲಿ ಆದದ್ದೂ ಅದೇ. ಬಿರುಕು ಇದೆಯಾ ಅಂತಲೂ ನೋಡಬೇಕಿತ್ತು. ಸೀಮೆಎಣ್ಣೆ ಬಳಿದು ಒರೆಸಿ ಸೀಮೆಸುಣ್ಣದ ಪುಡಿ ಹಚ್ಚುವುದು ಹಳೆ ಪದ್ಧತಿ. ಬಿರುಕು ಇದ್ದರೆ ಒಳಗಿನ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಈಗ ಸೀಮೆಎಣ್ಣೆ ಸಿಗಬೇಕಲ್ಲ, ಡೀಸೆಲ್‌ನಲ್ಲೇ ಮಾಡಿದೆವು. ಗೆರೆ ಬರಲಿಲ್ಲ. ಲೇತ್ ಅಂಗಡಿಯಲ್ಲಿ ನಾಲ್ಕೂ ಪೋರ್ಟುಗಳ ಮುಖವನ್ನು ಒಟ್ಟಿಗೆ ಮೆಷಿನ್ ಮಾಡಿಸಿ ತಂದೆವು. ಅರ ಹಿಡಿದು ಒಂದೊಂದಾಗಿ ಉಜ್ಜುವುದು ಉಪಯೋಗವಿಲ್ಲ.

ಜೋಡಿಸಿದ ಕ್ರಮ

ಹೊಸ ಸ್ಟಡ್‌ಗಳು, ತಾಮ್ರದ ಲೇಪ ಇರುವ ಎಕ್ಸಾಸ್ಟ್ ನಟ್ಟು, ಕಬ್ಬಿಣದ ಪದರದ ಗ್ಯಾಸ್ಕೆಟ್. ಯಾವ ಪೇಸ್ಟೂ ಇಲ್ಲ, ಒಣಗಿದ್ದೇ. ನಡುವಿನಿಂದ ಶುರು ಮಾಡಿ ಎರಡೂ ತುದಿಯ ಕಡೆಗೆ, ಮೂರು ಹಂತದಲ್ಲಿ, ಟಾರ್ಕ್ ಪಾನಾದಲ್ಲಿ ಬಿಗಿ ಮಾಡಿದೆವು. ಈ ಅಳತೆಯ ನಟ್ಟಿಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು. ಮಾಲೀಕರಿಗೆ ನಂಬಿಕೆ ಬರಲಿಲ್ಲ. ‘ಇಷ್ಟೇನಾ? ನಾನು ಇದರ ಮೂರರಷ್ಟು ಹಾಕ್ತಿದ್ದೆನಲ್ಲಣ್ಣ!’

ಎಂಜಿನ್ ಮೌಂಟಿಂಗ್ ಮೊದಲು ಬದಲಿಸಿ, ಆಮೇಲಷ್ಟೇ ಪೈಪಿನ ಕೆಲಸಕ್ಕೆ ಹೋದೆವು. ಕ್ರಮ ತಪ್ಪಿದರೆ ಪೈಪು ಇಳಿದ ಎಂಜಿನ್ನಿನ ಅಳತೆಗೆ ತಯಾರಾಗುತ್ತದೆ. ಮೌಂಟಿಂಗ್ ಹಾಕಿದಾಗ ಎಂಜಿನ್ ಮೇಲೇಳುತ್ತದೆ, ಪೈಪಿನ ಎಳೆತ ಮತ್ತೆ ಶುರು.

ಬೆಲ್ಲೋಸ್ ಹಾಕುವಾಗ ಜಿಐ ತುಂಡನ್ನು ಕತ್ತರಿಸಿ ತೆಗೆದು ಎಂಎಸ್ (ಲೇಪವಿಲ್ಲದ ಸಾದಾ ಉಕ್ಕಿನ) ಪೈಪು ಬಳಸಿದೆವು. ಜಿಐ ಮೇಲಿನ ಸತುವಿನ ಲೇಪ ಬೆಸುಗೆಯಲ್ಲಿ ಉರಿದು ಬಿಳಿ ಹೊಗೆ ಬರುತ್ತದೆ, ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿ ಜ್ವರ ಬರುವುದುಂಟು. ವೆಲ್ಡರ್‌ಗಳಿಗೆ ಇದು ಗೊತ್ತಿರುತ್ತದೆ, ಆದರೂ ಗಿರಾಕಿ ಕೊಟ್ಟ ಪೈಪಿಗೆ ಬೆಸೆಯುತ್ತಾರೆ.

ಬೆಸುಗೆಯ ಬಗ್ಗೆ ವೆಲ್ಡರ್ ಜೊತೆ ಸಣ್ಣ ಜಗ್ಗಾಟ ನಡೆಯಿತು. ಅವರಿಗೆ ಪೈಪನ್ನು ಅಂಗಡಿಗೆ ಒಯ್ದು ಅಳತೆ ನೋಡಿ ಬೆಸೆಯುವುದು ಸಲೀಸು. ನಾನು ಒಪ್ಪಲಿಲ್ಲ. ಎಲ್ಲ ಫ್ಲ್ಯಾಂಜು, ಹ್ಯಾಂಗರುಗಳನ್ನು ಸಡಿಲ ಕೂರಿಸಿ, ಪೈಪು ಎಲ್ಲೂ ಎಳೆಯದೆ ತಾನಾಗಿ ನಿಂತ ಜಾಗದಲ್ಲಿ ನಾಲ್ಕು ಚುಕ್ಕೆ ಬೆಸುಗೆ ಮಾತ್ರ ಹಾಕಿಸಿ, ಆಮೇಲೆ ಇಳಿಸಿ ಪೂರ್ತಿ ಬೆಸೆಯಲು ಕೊಟ್ಟೆವು. ಬಂದ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಹೋದೆವು. ಬಿಚ್ಚುವಾಗ ಬೆರಳಿನಷ್ಟು ಹಾರಿದ ಫ್ಲ್ಯಾಂಜಿಗೆ ಈಗ ನಾಲ್ಕೂ ಬೋಲ್ಟು ಕೈಯಲ್ಲೇ ತಿರುಗಿ ಕೂತವು.

ಟರ್ಬೊ ಎಣ್ಣೆ ಪೈಪಿಗೆ ಹೊಸ ತಾಮ್ರದ ವಾಷರ್ ಹಾಕಿ, ಟರ್ಬೊ ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟೆವು. ಸ್ಟಾಪ್ ಸೊಲೆನಾಯ್ಡ್ ವೈರು ತೆಗೆದು, ಎಂಜಿನ್ ಹತ್ತದ ಹಾಗೆ ಮಾಡಿ ಸ್ಟಾರ್ಟರನ್ನು ಬಿಟ್ಟು ಬಿಟ್ಟು ತಿರುಗಿಸಿದೆವು, ಎಣ್ಣೆ ಟರ್ಬೊ ತಲುಪಲಿ ಅಂತ. ಒಣ ಬೇರಿಂಗ್ ಮೇಲೆ ಟರ್ಬೊ ತಿರುಗಿದರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ. ಗೇರ್ ಲಿವರಿಗೆ ಹೊಸ ರಬ್ಬರ್, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್‌ನಲ್ಲಿ ವೈರು ಹೋಗುವ ತೂತುಗಳಿಗೆ ಗ್ರೊಮೆಟ್ (ರಬ್ಬರ್ ಬಳೆ). ಲೀಕು ನಿಂತ ಮೇಲೆ ಇದೆಲ್ಲ ಯಾಕೆ ಅಂದರು ಮಾಲೀಕರು. ಮುಂದೊಂದು ದಿನ ಮತ್ತೆ ಲೀಕಾದರೂ ಒಳಗೆ ಬರಬಾರದು, ಅದಕ್ಕೆ.

ಸ್ಟಾರ್ಟ್ ಮಾಡುವ ಮುಂಚೆ ಬ್ಲೋಯರ್ ಮತ್ತು ಸೋಪಿನ ನೀರು ಇನ್ನೊಮ್ಮೆ. ಮ್ಯಾನಿಫೋಲ್ಡ್ ಸುತ್ತ ನೊರೆ ಇಲ್ಲ. ಪೈಪಿನಲ್ಲೂ ಇಲ್ಲ.

ಆಮೇಲೆ

ಬೆಳಗಿನ ಟಿಕ್ ಸದ್ದು ಹೋಯಿತು. ಘಾಟಿಯಲ್ಲಿ ಮೂರನೇ ಗೇರು ಮತ್ತೆ ಸಾಕಾಗುತ್ತಿದೆ. ಎಫ್‌ಸಿಗೆ ಮುಂಚಿನ ಎಮಿಷನ್ ಟೆಸ್ಟ್ ಪಾಸಾಯಿತು. ಗ್ಲಾಸು ಏರಿಸಿ ಮಳೆಯಲ್ಲಿ ಹೋದಾಗಲೂ ತಲೆನೋವಿಲ್ಲ ಅಂತ ಮಾಲೀಕರ ಹೆಂಡತಿ ಹೇಳಿದ್ದಾರೆ. ಮೈಲೇಜ್ ಕೂಡ ಜಾಸ್ತಿಯಾಗಿದೆ ಅನ್ನುತ್ತಾರೆ ಮಾಲೀಕರು. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂಚೆ ಅಳೆದದ್ದು ಶುಂಠಿ ಭಾರದಲ್ಲಿ, ಆಮೇಲೆ ಅಳೆದದ್ದು ಅರ್ಧ ಲೋಡಿನಲ್ಲಿ.

ಎಲ್ಲವೂ ಸರಿಹೋಗಲಿಲ್ಲ. ಇಜಿಆರ್ ಪೈಪಿನ ಬುಡಕ್ಕೆ ಹೊಸ ಪ್ಯಾಕಿಂಗ್ ಹಾಕಿದ್ದರೂ ಕೆಲವು ತಿಂಗಳಲ್ಲಿ ಮತ್ತೆ ತೆಳ್ಳಗೆ ಮಸಿ ಗೆರೆ ಬಂದಿದೆ. ಆ ಪೈಪಿನ ಫ್ಲ್ಯಾಂಜೇ ಸೊಟ್ಟಗಾಗಿದೆ ಅನ್ನುವುದು ನನ್ನ ಅಂದಾಜು, ಪೈಪನ್ನೇ ಬದಲಿಸಬೇಕು. ಗಾಡಿಯ ಪವರ್‌ಗೆ ಅದರಿಂದ ತೊಂದರೆ ಕಾಣುತ್ತಿಲ್ಲ. ಕ್ಯಾಬಿನ್ ಸಂದುಗಳು ಮುಚ್ಚಿರುವುದರಿಂದ ಕಾಯಬಹುದು.

ಖರ್ಚಿನ ವಿಷಯ ಕೇಳುವವರಿಗೆ: ಗ್ಯಾಸ್ಕೆಟ್, ನಟ್ಟು, ಸ್ಟಡ್ ಎಲ್ಲ ಸೇರಿ ಚಿಲ್ಲರೆ ಹಣ. ಬಿಲ್ಲು ಏರಿದ್ದು ಬೆಲ್ಲೋಸ್, ಮೌಂಟಿಂಗ್ ಮತ್ತು ಲೇತ್ ಕೆಲಸದಿಂದ. ಎರಡು ವರ್ಷದ ಹಿಂದೆ ಬೆಲ್ಲೋಸ್ ಮತ್ತು ಮೌಂಟಿಂಗ್ ಮಾತ್ರ ಹಾಕಿಸಿದ್ದರೆ ಲೇತ್ ಅಂಗಡಿಗೆ ಹೋಗುವುದೇ ಇರಲಿಲ್ಲ.

ಹೊಸ ಗಾಡಿ ಇರುವವರು ಇದನ್ನು ಹಾಗೇ ಹಿಂಬಾಲಿಸಬೇಡಿ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಡೀಸೆಲ್‌ಗಳಲ್ಲಿ ಎಕ್ಸಾಸ್ಟ್ ಲೈನ್ ತುಂಬ ಸೆನ್ಸರ್, ಡಿಪಿಎಫ್ ಇರುತ್ತವೆ. ಅಲ್ಲಿ ಒಂದು ಲೀಕು ಸೆನ್ಸರಿಗೆ ತಪ್ಪು ಲೆಕ್ಕ ಕೊಡುತ್ತದೆ, ಕಂಪ್ಯೂಟರ್ ಬೇರೆಯದೇ ದೂರು ತೋರಿಸುತ್ತದೆ. ಸೋಪಿನ ನೀರಿನ ಪರೀಕ್ಷೆ ಬೇಕಾದರೆ ಅಲ್ಲೂ ಮಾಡಿ, ಬಿಚ್ಚುವ ಕೆಲಸ ಸ್ಕ್ಯಾನರ್ ಇರುವವರಿಗೆ ಬಿಡಿ.

ಸೈಲೆನ್ಸರ್ ಅಂಚಿನ ತೂತಿಗೆ ಸದ್ಯಕ್ಕೆ ತಗಡಿನ ಪಟ್ಟಿ ಬೆಸೆದಿದೆ. ತೂತು ಇರುವುದು ಕ್ಯಾಬಿನ್ ದಾಟಿ ಲೋಡ್ ಬಾಡಿಯ ಕೆಳಗೆ. ಡಬ್ಬಿ ಒಳಗಿನಿಂದಲೇ ತುಕ್ಕು ಹಿಡಿದಿದೆ, ಪಟ್ಟಿ ಜಾಸ್ತಿ ದಿನ ನಿಲ್ಲುವುದಿಲ್ಲ. ಹೊಸ ಸೈಲೆನ್ಸರನ್ನು ಮುಂದಿನ ಎಫ್‌ಸಿ ಹೊತ್ತಿಗೆ ಹಾಕುವುದು ಅಂತ ತೀರ್ಮಾನವಾಗಿದೆ. ಅದನ್ನು ಹಾಕುವಾಗಲೂ ಹ್ಯಾಂಗರ್ ರಬ್ಬರ್ ಹೊಸದೇ ಇರಲಿ, ತಂತಿ ಕಟ್ಟಬೇಡಿ ಅಂತ ಹುಡುಗನಿಗೆ ಹೇಳಿದ್ದೇನೆ.